ಬೀಗರಿಗೆ ಶನಿ ತೋರಿಸಿದ್ದು

ಕಣ್ಣಿನ ವಿಷಯದಲ್ಲಿ ಸಿಂಧನೂರಿನಲ್ಲಿ ನನಗೆ ಬುದ್ಧಿ ಹೇಳುವವರು ಯಾರೂ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದು ಚಷ್ಮಾ ಅಂಗಡಿ. ಭತ್ತದ ವ್ಯಾಪಾರಿಗಳಿಂದ ಹಿಡಿದು ಆರ್.ಎಚ್. ಕ್ಯಾಂಪಿನ ಬಂಗಾಲಿ ಅಜ್ಜಂದಿರವರೆಗೆ ಎಷ್ಟೋ ಮೂಗುಗಳ ಮೇಲೆ ನನ್ನ ಕೈಚಳಕ ಕೂತಿದೆ. ಹೀಗಿರುವಾಗ ದೂರದರ್ಶಕವೆಂಬ ಯಂತ್ರ ನನಗೆ ಯಾವ ಲೆಕ್ಕ? ಒಂದಿಷ್ಟು ಕನ್ನಡಿ, ಒಂದಿಷ್ಟು ಗಾಜು, ಒಂದು ಕೊಳವೆ. ಕೊಳವೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಂಗಡಿಯಲ್ಲೇ ಇದೆ. ಹೀಗೆಂದುಕೊಂಡು ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ.

ಡಬ್ಬಿ ಬಿಚ್ಚಿದಾಗ ನನ್ನ ಹೆಂಡತಿ ಸರೋಜಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಇದೇನ್ರಿ, ಬೋರಿನ ಪೈಪು?"

"ಖಗೋಳ ವೀಕ್ಷಣಾ ಉಪಕರಣ," ಎಂದೆ ಗಂಭೀರವಾಗಿ.

"ಎದುರಿಗಿದ್ದ ಹಾಲಿನ ಪಾಕೀಟು ಕಾಣಂಗಿಲ್ಲ ನಿಮಗ. ಆಕಾಶದಾಗ ಏನ್ ಕಂಡೀತು?"

ವಿಜ್ಞಾನಿಗಳ ಹೆಂಡಂದಿರೆಲ್ಲ ಹೀಗೇ ಅಂದಿರಬೇಕು ಎಂದು ಸಮಾಧಾನ ಮಾಡಿಕೊಂಡು ಮಾಳಿಗೆ ಹತ್ತಿದೆ.

ಮೊದಲ ಸಂಜೆ ಬಹಳ ಹೊತ್ತು ನೋಡಿದೆ. ಎತ್ತ ತಿರುಗಿಸಿದರೂ ಕಪ್ಪು. ವಿಶ್ವ ಅನಂತವೂ ಶೂನ್ಯವೂ ಆಗಿದೆಯೆಂದು ಹೇಳುತ್ತಾರಲ್ಲ, ಅದರ ಅನುಭವ ನನಗೆ ಅಂದೇ ಆಯಿತು. ಮಗಳು ಚೈತ್ರಾ ಮೇಲೆ ಬಂದು ಕೊಳವೆಯ ತುದಿಗೆ ಕೈ ಹಾಕಿ ಏನನ್ನೋ ಕಿತ್ತು ನನ್ನ ಅಂಗೈಯಲ್ಲಿಟ್ಟಳು. ಮುಚ್ಚಳ!

ಮುಚ್ಚಳ ತೆಗೆದ ಮೇಲೆ ಚಂದ್ರ ಕಂಡ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಹಾಗೆ ಕಂಡ. ಮೋಡ ಇರಬೇಕು ಅಂದುಕೊಂಡೆ. ಕಂಡವನು ನಿಲ್ಲಲೂ ಇಲ್ಲ, ಮೆಲ್ಲಗೆ ಒಂದು ಬದಿಗೆ ಜಾರಿ ಹೋದ. ನಾನು ಕೊಳವೆಯನ್ನು ಬಲಕ್ಕೆ ತಿರುಗಿಸಿದರೆ ಅವನು ಇನ್ನೂ ಬೇಗ ಓಡಿದ. ಎಡಕ್ಕೆ ತಿರುಗಿಸಿದಾಗ ಎದುರು ಮನೆಯ ನೀರಿನ ಟ್ಯಾಂಕು ತಲೆಕೆಳಗಾಗಿ ಕಂಡಿತು.

ಚಂದ್ರನನ್ನು ಬಿಟ್ಟು ಚುಕ್ಕಿಗಳ ಕಡೆ ಹೊರಳಿದೆ. ಇಲ್ಲಿ ಮಾತ್ರ ನನಗೆ ಅದ್ಭುತ ಯಶಸ್ಸು ದೊರೆಯಿತು. ಸುತ್ತ ಉಂಗುರವಿದ್ದರೆ ಅದು ಶನಿ ಎಂದು ಮೊಬೈಲಿನಲ್ಲಿ ಓದಿದ್ದೆ. ನಾನು ನೋಡಿದ ಮೊದಲ ಚುಕ್ಕಿಗೇ ಉಂಗುರ. ಎರಡನೆಯದಕ್ಕೂ ಉಂಗುರ. ಮೊಬೈಲ್ ಟವರಿನ ಕೆಂಪು ದೀಪಕ್ಕೂ ಉಂಗುರ! ಒಂದೇ ವಾರದಲ್ಲಿ ಸಿಂಧನೂರಿನ ಆಕಾಶದಲ್ಲಿ ಅರ್ಧ ಡಜನ್ ಶನಿಗಳನ್ನು ಕಂಡುಹಿಡಿದೆ. ಇವುಗಳಲ್ಲಿ ಅಸಲಿ ಯಾವುದು ಎಂಬುದೊಂದೇ ಗೊಂದಲ.

ಈ ಗೊಂದಲದಲ್ಲಿ ನಾನಿರುವಾಗ ಲಿಂಗಸುಗೂರಿನಿಂದ ಸರೋಜಾಳ ಸೋದರಮಾವ ಚನ್ನಬಸಣ್ಣನ ಫೋನು ಬಂತು. ಚೈತ್ರಾಳಿಗೆ ಅಲ್ಲೊಂದು ವರ ನೋಡಿದ್ದರು. ಹುಡುಗ ಮಂಜುನಾಥ ದನದ ಡಾಕ್ಟರು.

"ಮಂದಿ ಭಾಳ ಛಲೋ," ಅಂದರು ಮಾವ. "ಆದ್ರ ಒಂದು ಮಾತು. ನಕ್ಷತ್ರ ಭಾಳ ನೋಡ್ತಾರ. ಗುರು ಎಲ್ಲಿದ್ದಾನ, ಶನಿ ಎಲ್ಲಿದ್ದಾನ ಅಂತ ಹುಡುಗನ ಅಪ್ಪ ಬಾಯಾಗ ಹೇಳ್ತಾನ."

ನನ್ನ ಎದೆ ಉಬ್ಬಿತು. ಇಷ್ಟು ದಿನಕ್ಕೆ ನನ್ನಂಥವನೊಬ್ಬ ಸಿಕ್ಕ!

"ನಾವೂ ನೋಡ್ತೀವ್ರಿ ಮಾವ!"

"ನೀವ್ಯಾವಾಗಿಂದ ಶುರು ಮಾಡಿದ್ರಿ?"

"ಈಗೀಗ. ದಿನಾ ಸಂಜಿಕ ಮಾಳಿಗಿ ಮ್ಯಾಲ."

"ಮಾಳಿಗಿ ಮ್ಯಾಲ ಯಾಕ?"

"ಮತ್ತ ಅಡಗಿ ಮನ್ಯಾಗ ಕುಂತು ನೋಡಾಕ ಬರ್ತೈತೇನ್ರಿ?"

ಮಾವ, "ನೀವು ನೀವ ಮಾತಾಡ್ಕೊರಿ," ಎಂದು ಫೋನ್ ಇಟ್ಟರು. ನಮ್ಮ ಮನೆತನದಲ್ಲಿ ಜಾತಕ ಬರೆಸುವ ರೂಢಿ ಅಜ್ಜನ ಕಾಲದಿಂದಲೂ ಇಲ್ಲ. ಮದುವೆಯ ಮಾತಿನಲ್ಲಿ ನಕ್ಷತ್ರಕ್ಕೆ ಬೇರೆಯದೇ ಅರ್ಥವಿದೆಯೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯಿಸಬಹುದಾಗಿದ್ದ ಸರೋಜಾಳಿಗೆ ನಾನು ಹೇಳಲೂ ಇಲ್ಲ. ಆಕೆಗೂ ಅಚ್ಚರಿಯಾಗಲಿ ಎಂದು!

ಭಾನುವಾರ ಇಳಿಹೊತ್ತಿಗೆ ಅವರು ಬಂದರು. ಹುಡುಗ, ಅವನ ತಂದೆ ವೀರಭದ್ರಪ್ಪ, ತಾಯಿ, ಅಜ್ಜಿ. ಚೈತ್ರಾ ಈ ಮೊದಲು ಬಂದ ಎರಡು ಸಂಬಂಧಗಳನ್ನು ಬಾಗಿಲಲ್ಲೇ ಬೇಡವೆಂದವಳು. ಈ ಹುಡುಗ ಮಿರ್ಚಿ ಭಜಿ ಕಚ್ಚಿ ಖಾರಕ್ಕೆ ಕಣ್ಣೀರು ಸುರಿಸಿದಾಗ ಆಕೆ ನಕ್ಕಳು. ತಾನೇ ಎದ್ದುಹೋಗಿ ನೀರು ತಂದುಕೊಟ್ಟಳು. ಸರೋಜಾ ನನ್ನ ಕಡೆ ನೋಡಿ ಕಣ್ಣಲ್ಲೇ, ಈ ಸಂಬಂಧ ಕೆಡಿಸಬೇಡಿ, ಎಂದಳು.

ಚಹಾ ಕುಡಿದು ವೀರಭದ್ರಪ್ಪ ಗಂಟಲು ಸರಿಮಾಡಿಕೊಂಡರು.

"ಹುಡುಗಿ ನಕ್ಷತ್ರ ಯಾವುದ್ರಿ?"

"ಆಕಿಗೆ ಇಂಥಾದ್ದ ಅಂತಿಲ್ರಿ," ಅಂದೆ. "ಯಾವುದು ಸಿಕ್ಕರೂ ನೋಡ್ತಾಳ."

ಅವರ ಹುಬ್ಬು ಮೇಲೇರಿತು. "ನಮ್ಮ ಹುಡುಗಂದು ಮೀನ ರಾಶಿ. ಸಾಡೇಸಾತಿ ನಡದೈತಿ. ಶನಿ ಭಾಳ ಕಾಡಾಕತ್ತಾನ."

"ನನಗೂ ಭಾಳ ಕಾಡಾಕತ್ತಾನ್ರಿ! ಎಷ್ಟು ಹುಡುಕಿದ್ರೂ ಕೈಗೆ ಸಿಗವಲ್ಲ."

"ಸಿಗದಿದ್ರ ಛಲೋ ಅಲ್ಲೇನ್ರಿ?"

"ಇವತ್ತು ಬಿಡೂದಿಲ್ರಿ ಅವನ್ನ! ನಡೀರಿ ಮಾಳಿಗಿಗೆ."

ಮಾಳಿಗೆಯ ಮೇಲೆ ಏನೋ ಶಾಂತಿ ಹೋಮ ಇಡಿಸಿದ್ದೇನೆ ಎಂದುಕೊಂಡಿರಬೇಕು, ಅವರು ಭಕ್ತಿಯಿಂದ ನನ್ನ ಹಿಂದೆ ಮೆಟ್ಟಿಲು ಹತ್ತಿದರು. ಅಜ್ಜಿ ಸೆರಗು ಹೊದ್ದುಕೊಂಡಳು. ಸರೋಜಾ, ಚೈತ್ರಾ ಹಿಂದೆಯೇ ಬಂದರು.

ಹೊತ್ತು ಮುಳುಗಿತ್ತು. ಗ್ರಹ ತೋರಿಸುವ ಆ್ಯಪೊಂದನ್ನು ಅವತ್ತೇ ಹಾಕಿಕೊಂಡಿದ್ದ ಮೊಬೈಲನ್ನು ಪೂರ್ವಕ್ಕೆ ಹಿಡಿದೆ. ಶನಿ ಇಗೋ ಇಲ್ಲೇ ಎಂದು ಅದು ಬೇವಿನ ಮರದ ತಲೆಯ ಕಡೆ ತೋರಿಸಿತು. ನೋಡುತ್ತೇನೆ, ಎಲೆಗಳ ಮೇಲೆ ಸರಿಯಾಗಿ ಅಲ್ಲೇ ಒಂದು ಪ್ರಖರವಾದ ಬೆಳಕು! ಕೊಳವೆಯಲ್ಲಿ ನೋಡಿದೆ. ಉಂಗುರ! ಅದೂ ಎಂಥ ದುಂಡನೆಯ ಉಂಗುರ!

"ಬರ್ರಿ ಬೀಗರ, ಕಣ್ಣಿಡ್ರಿ."

ವೀರಭದ್ರಪ್ಪ ಬಗ್ಗಿ ಕಣ್ಣಿಟ್ಟರು. "ಏನ್ರಿ ಇದು?"

"ಶನಿ!"

ಅವರು ಹಿಂದಕ್ಕೆ ಹಾರಿದ ರಭಸಕ್ಕೆ ಹಗ್ಗದ ಮೇಲೆ ಒಣಹಾಕಿದ್ದ ಸರೋಜಾಳ ಸೀರೆಯಲ್ಲಿ ಸುತ್ತಿಕೊಂಡರು. ಸೀರೆಯೊಳಗಿನಿಂದಲೇ ಕೂಗಿದರು.

"ಕನ್ಯಾ ತೋರಸ್ತೀನಿ ಅಂತ ಕರದು ಶನಿ ತೋರಸ್ತೀರೇನ್ರಿ!"

"ನೀವು ನೋಡ್ತೀರಂತ ಮಾವಾರು ಹೇಳಿದ್ರಲ್ರಿ?"

"ನಾವು ಜಾತಕದಾಗ ನೋಡ್ತೀವ್ರಿ! ಹಿಂಗ ಎದುರಿಗೆ ನಿಂದ್ರಿಸಿ ಯಾರ ನೋಡ್ತಾರ? ನಾ ಅವನ್ನ ನೋಡೀನಿ ಅಂದ್ಮ್ಯಾಲ ಅವನೂ ನನ್ನ ನೋಡಿರಬೇಕಲ್ರಿ!"

ಜಾತಕ! ಆಗ ನನ್ನ ತಲೆಯೊಳಗೆ ಬೆಳಕಾಯಿತು. ಆ ಬೆಳಕಿನಲ್ಲಿ ನನಗೆ ಮೊದಲು ಕಂಡದ್ದು ಸರೋಜಾಳ ಮುಖ. ಅದಕ್ಕಿಂತ ಶನಿಯೇ ವಾಸಿ.

ಈ ಗದ್ದಲದಲ್ಲಿ ಅಜ್ಜಿ ಯಾರನ್ನೂ ಕೇಳದೆ ಕೊಳವೆಗೆ ಕಣ್ಣಿಟ್ಟಿದ್ದಳು. "ಎಷ್ಟು ಚಂದ ಅದಾನೋ ವೀರಭದ್ರಾ! ಉದ್ದಿನ ವಡಿ ಇದ್ದಂಗ ಅದಾನ," ಎಂದು ಕೈ ಮುಗಿದಳು.

"ಯವ್ವಾ, ಸರಿ ಅತ್ತಾಗ! ಲೇ ಮಂಜು, ಗಾಡಿ ತೆಗಿ!"

ಮಂಜುನಾಥ ಚೈತ್ರಾಳನ್ನು ನೋಡಿದ. ಚೈತ್ರಾ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆ ಭಜಿಯ ನಗು ಆರಿಹೋಗಿತ್ತು. ಅವಳು ಹತ್ತಿರ ಬಂದು ಪಿಸುಗುಟ್ಟಿದಳು.

"ಅಪ್ಪಾ, ಅದು ಶನಿ ಅಲ್ಲ. ಮರದ ಹಿಂದಿನ ರೈಸ್ ಮಿಲ್ಲಿಂದು. ಮೊನ್ನೆ ಮ್ಯಾಲ ಹೊಸ ಲೈಟ್ ಹಾಕ್ಯಾರ."

"ಉಂಗುರ ಐತಲ್ಲವಾ?"

ಅವಳು ಅಜ್ಜಿಯನ್ನು ಮೆಲ್ಲಗೆ ಸರಿಸಿ, ಕೊಳವೆಯ ಬದಿಯಲ್ಲಿದ್ದ ಗುಂಡಿಯೊಂದನ್ನು ತಿರುವಿ, ನೋಡೆಂದಳು. ನೋಡಿದೆ. ಉಂಗುರ ಕರಗಿ ಹೋಗಿತ್ತು. ಅಲ್ಲಿ ಒಂದು ಲೈಟು ತಲೆಕೆಳಗಾಗಿ ನಿಂತಿತ್ತು. ಲೈಟಿನ ಸುತ್ತ ಹುಳಗಳು. ಗುಂಡಿಯನ್ನು ಹಿಂದಕ್ಕೆ ತಿರುವಿದಾಗ ಮತ್ತೆ ಶನಿ!

ಗಿರಾಕಿಯ ಕಣ್ಣೆದುರು ಗಾಜು ಬದಲಿಸುತ್ತ, "ಈಗ ಹೆಂಗ ಕಾಣ್ತೈತ್ರಿ? ಈಗ?" ಎಂದು ಕೇಳುವುದು ನನ್ನ ಇಡೀ ಜೀವಮಾನದ ಕಸುಬು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ!

ಈಗ ನನ್ನೆದುರು ಎರಡೇ ದಾರಿ ಇದ್ದವು. ಖಗೋಳ ವಿಜ್ಞಾನಿಯಾಗಿ ಉಳಿಯುವುದು, ಇಲ್ಲವೇ ಮಗಳ ಸಂಬಂಧ ಉಳಿಸುವುದು. ನಾನು ಮೆಟ್ಟಿಲ ಬಳಿ ಅಡ್ಡ ನಿಂತು ಕೈ ಮುಗಿದೆ.

"ಬೀಗರ, ನನಗ ಏನೂ ತಿಳಿಯಂಗಿಲ್ಲ. ನೀವು ನೋಡಿದ್ದು ಶನಿ ಅಲ್ರಿ. ರೈಸ್ ಮಿಲ್ಲಿನ ಲೈಟು."

"ನಮ್ಮ ಸಮಾಧಾನಕ್ಕ ಹೇಳಾಕತ್ತೀರಿ."

"ನಿಮ್ಮಾಣೆ ಲೈಟ್ರಿ! ಬರ್ರಿ, ಇನ್ನೊಮ್ಮೆ ನೋಡ್ರಿ."

"ಇನ್ನೊಮ್ಮೆ? ಒಮ್ಮೆ ನೋಡಿದ್ದು ಸಾಲಲಿಲ್ಲೇನ್ರಿ?"

ಇನ್ನು ಉಳಿದದ್ದು ಒಂದೇ ಉಪಾಯ. ಮಿಲ್ಲಿನ ಮ್ಯಾನೇಜರ್ ಖಾಜಾಸಾಬ್ ನನ್ನ ಹಳೆಯ ಗಿರಾಕಿ. ಫೋನ್ ಹಚ್ಚಿ ಒಂದು ಮೂಲೆಗೆ ಹೋಗಿ ಗಡಿಬಿಡಿಯಿಂದ ಹೇಳಿದೆ.

"ಖಾಜಾಭಾಯಿ, ಆ ಮ್ಯಾಲಿನ ಲೈಟ್ ಜರಾ ಬಂದ್ ಮಾಡ್ರಿ. ಮಗಳ ಮದುವಿ ಮಾತು ನಡದೈತಿ."

"ಶಾದಿ ಅಂದ್ರ ಲೈಟ್ ಹಾಕೂದು ಕೇಳೀನ್ರಿ. ಆರಸೂದು ಇದ ಮೊದಲು!"

"ನಿಮ್ಮ ಕಾಲು ಬೀಳ್ತೀನಿ, ಬಂದ್ ಮಾಡ್ರಿ!"

ಅಜ್ಜಿ ಅಷ್ಟರಲ್ಲಿ ಮತ್ತೆ ಕೊಳವೆಗೆ ಅಂಟಿಕೊಂಡಿದ್ದಳು. ಬೇವಿನ ಮರದ ಮೇಲಿನ ಬೆಳಕು ಫಕ್ಕನೆ ಆರಿತು.

"ಹೋದ!" ಎಂದು ಅಜ್ಜಿ ಕಿರುಚಿದಳು. "ವೀರಭದ್ರಾ, ಶನಿ ಹೋದ! ಬೀಗರು ಫೋನ್ ಹಚ್ಚಿ ಬಿಡಿಸಿದ್ರೋ!"

ವೀರಭದ್ರಪ್ಪ ಸೀರೆ ಸರಿಸಿ ಮರದ ಕಡೆ ನೋಡಿದರು. ಕತ್ತಲು. ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಅದಕ್ಕಿಂತ ಭಯಂಕರವಾದ ಗೌರವವಿತ್ತು.

"ಯಾರಿಗ್ರಿ ಫೋನ್ ಹಚ್ಚಿದ್ದು?" ಎಂದು ಮೆಲುದನಿಯಲ್ಲಿ ಕೇಳಿದರು.

"ಖಾಜಾಸಾಬಗ್ರಿ."

"ದರ್ಗಾದವರೇನ್ರಿ?"

"ಅಲ್ರಿ, ಮಿಲ್ಲಿನವರು! ಲೈಟು..." ಎನ್ನುವಷ್ಟರಲ್ಲಿ ಸರೋಜಾ ನನ್ನ ಸೊಂಟ ಚಿವುಟಿದಳು. ಬಾಯಿ ಮುಚ್ಚಿದೆ. ಮಿಲ್ಲಿನ ಲೈಟು ಆರಿದ ಜಾಗದ ಪಕ್ಕದಲ್ಲೇ ಆಗ ಒಂದು ಮಸುಕಾದ ಹಳದಿ ಚುಕ್ಕಿ ಕಾಣಿಸಿಕೊಂಡಿತ್ತು. ಮೊಬೈಲು ನೇರವಾಗಿ ಅದನ್ನೇ ತೋರಿಸುತ್ತಿತ್ತು. ನಾನು ಮೊಬೈಲನ್ನು ಕಿಸೆಯೊಳಗೆ ತುರುಕಿದೆ.

ಕೆಳಗೆ ಬಂದು ವೀರಭದ್ರಪ್ಪ ಇನ್ನೊಂದು ಕಪ್ ಚಹಾ ಕೇಳಿ ಕುಡಿದರು. ಜಾತಕದ ಮಾತೇ ಎತ್ತಲಿಲ್ಲ. "ನೀವ ಇದ್ದೀರಿ, ಇನ್ನ ಜಾತಕ ಯಾಕ್ರಿ?" ಅಂದರು. ಮಂಜುನಾಥ ಹೋಗುವಾಗ ಚೈತ್ರಾಳಿಗೆ, "ಲೈಟ್ ಅಂತ ನನಗ ಮೊದಲ ಗೊತ್ತಾಗಿತ್ರಿ. ಬರಿಗಣ್ಣಿಗೇ ಹುಳ ಕಾಣತಿದ್ವು. ಶನಿಗೆ ಹುಳ ಮುತ್ತತಾವೇನು?" ಎಂದನಂತೆ. ಆಮೇಲೆ ತಂದೆಗೂ ಬಿಡಿಸಿ ಹೇಳಿದನಂತೆ. ದನದ ಡಾಕ್ಟರಿಗೆ ಗ್ರಹಗಳ ವಿಷಯ ಏನು ತಿಳಿಯಬೇಕೆಂದು ಅವರು ನಂಬಲಿಲ್ಲವಂತೆ!

ನಿಶ್ಚಯವಾಯಿತು. ಮರುವಾರ ಬೀಗರ ಫೋನು.

"ಬೀಗರ, ಮಸ್ಕ್ಯಾಗ ನಮ್ಮ ತಂಗಿ ಅದಾಳ. ಆಕಿ ಗಂಡಗೂ ಸಾಡೇಸಾತಿ. ಅವನ ಸಲುವಾಗೂ ಒಂದು ಫೋನ್ ಹಚ್ಚಿಬಿಡ್ರಲ್ಲ."

ಇದು ಮೋಸವಾಗುತ್ತದೆ, ಅದು ಬರೀ ಲೈಟು ಎಂದು ಮತ್ತೊಮ್ಮೆ ಮೊದಲಿನಿಂದ ವಿವರಿಸಿದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ದೊಡ್ಡವರು ಹಿಂಗ ಹೇಳೂದು, ನನಗ ಗೊತ್ತೈತ್ರಿ," ಅಂದರು.

ನಾನೇನು ಮಾಡಲಿ? ಮಸ್ಕಿಯಲ್ಲಿ ನನಗೆ ಪರಿಚಯದ ಮಿಲ್ಲಿನವರು ಒಬ್ಬರೂ ಇಲ್ಲ!