ಸ್ಕೂಟರೋ, ಕಾರೋ, ಹುರಳಿಯೋ

ಓದಿದವರಿಗೆ ಅಂಜಿಕೆ ಜಾಸ್ತಿ, ಇದು ನನ್ನ ಅನುಭವ. ಬೆಟಗೇರಿಯ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನೇ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಮಗ್ಗ, ಹಾಗೆ ಗಳಿಸಿದ ಬಿ.ಕಾಂ. ಅಕ್ಷರ ಬಾರದ ಅಪ್ಪ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಮೂವರನ್ನು ಕೂರಿಸಿಕೊಂಡು ಹಾಡುತ್ತ ಹೋಗುತ್ತಿದ್ದ. ನನಗೋ, ಫೋನಿನಲ್ಲಿ ಓದಿದ್ದೆಲ್ಲ ಎದೆಗೇ ಬಂದು ಕೂರುತ್ತದೆ.

ಹೆಂಡತಿ ಶಾಂತಾ ಶಾಲೆಯ ಟೀಚರು. ಡಂಬಳಕ್ಕೆ ವರ್ಗವಾದಾಗ, ತನ್ನ ಎಲೆಕ್ಟ್ರಿಕ್ ಸ್ಕೂಟರಿನಲ್ಲೇ ಹೋಗಿಬರುತ್ತೇನೆಂದಳು. ನಾನು ಹಾಳೆಯ ನಡುವೆ ಗೆರೆ ಎಳೆದೆ. ಸ್ಕೂಟರಿನ ಕಡೆ: ಬ್ಯಾಟರಿಗೆ ಬೆಂಕಿ ಬಿದ್ದೀತು, ಸಪ್ಪಳವಿಲ್ಲದ್ದಕ್ಕೆ ಎಮ್ಮೆ ದಾರಿ ಬಿಡಲಿಕ್ಕಿಲ್ಲ, ಬಿದ್ದರೆ ಮೊಣಕಾಲು. ನಮ್ಮ ಹಳೇ ಕಾರಿನ ಕಡೆ: ನಾಲ್ಕು ಗಾಲಿ, ತಗಡಿನ ಮೈ, ಸೀಟ್ ಬೆಲ್ಟು.

"ಕಾರ್ ಹೊಡಿಯಾವ್ರು ಯಾರಂತ ಬರದಿಲ್ಲಲ್ರಿ?" ಎಂದಳು.

ಆದರೂ ಮೊದಲ ದಿನ ಕಾರಿನಲ್ಲೇ ಹೊರಡಿಸಿದೆ.

ಸುಗ್ಗಿಯಲ್ಲಿ ನಮ್ಮ ರೈತರು ಹುರಳಿಯನ್ನು ಡಾಂಬರಿನ ಮೇಲೆ ಹಾಸಿಬಿಡುತ್ತಾರೆ. ಹೋಗಿಬರುವ ಗಾಡಿಗಳೇ ತುಳಿದು ಕಾಳು ಉದುರಿಸಬೇಕು. ಡಂಬಳ ಹತ್ತಿರವಾದಾಗ ಅದೇ ಎದುರಾಯಿತು. ಗತ್ತಿನಿಂದ ಮೇಲೆಯೇ ಹತ್ತಿಸಿದೆ. "ನೋಡು, ಸ್ಕೂಟರ್ ಆಗಿದ್ರ ಇಲ್ಲೇ ಜಾರಿ ಬೀಳ್ತಿದ್ದಿ" ಎನ್ನುವಷ್ಟರಲ್ಲಿ ಕಾರಿನ ಬುಡದಿಂದ ಹೊಗೆ! ಒಣಬಳ್ಳಿ ಕೆಳಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿತ್ತು.

"ಇಳೀರಿ ಅಕ್ಕಾರ, ಜಲ್ದಿ ಇಳೀರಿ!" ಎನ್ನುತ್ತ ಹುರಳಿಯ ಒಡೆಯ ಮಾಬುಸಾಬ ಓಡಿಬಂದು ಕೊಡದ ನೀರು ಸುರಿದ. ಆಮೇಲೆ ನನಗೆ, "ಬಾಜೂಕ ಹಾದಿ ಬಿಟ್ಟೇನಲ್ರಿ ಸರ. ಇದು ಲಾರಿ, ಟ್ರ್ಯಾಕ್ಟರಿಗೆ ಹಾಸಿದ್ದು. ಇಂಥಾ ಗಿಡ್ಡ ಕಾರ್ ಯಾರರೆ ಹತ್ತಸ್ತಾರೇನು?"

"ನಾ ಡಿಗ್ರಿ ಮಾಡೇನಿ" ಎಂದುಬಿಟ್ಟೆ. ಯಾಕೆ ಅಂದೆನೋ, ಇವತ್ತಿಗೂ ತಿಳಿದಿಲ್ಲ.

"ಛಲೋ ಆತು. ಹಂಗಾರ ಬುಡಕ ಹೋಗಿ ಬಳ್ಳಿ ಕೊಯ್ರಿ" ಎಂದು ಕುಡುಗೋಲು ಕೊಟ್ಟ. ನಾನು ಅಂಗಾತ ಮಲಗಿ ಕೊಯ್ಯುತ್ತಿದ್ದಾಗ ಶಾಂತಾ ಬಸ್ಸು ಹತ್ತಿ ಹೋದಳು. ಹೊಸ ಶಾಲೆಗೆ ಮೊದಲ ದಿನವೇ ತಡ.

ಮರುದಿನ ಅವಳು ಸ್ಕೂಟರ್ ತೆಗೆದಳು. ಹೆಲ್ಮೆಟ್ಟಿನ ಪಟ್ಟಿಯನ್ನು ನಾನೇ ಬಿಗಿದೆ. ಆದರೆ ಜೀವ ನಿಲ್ಲಬೇಕಲ್ಲ? ಕಾರಿನಲ್ಲಿ ಬೆನ್ನಹಿಂದೆಯೇ ಹೊರಟೆ. ತಗ್ಗು ಕಂಡರೆ ಹಾರ್ನ್, ನಾಯಿ ಕಂಡರೆ ಹಾರ್ನ್. ಶಾಲೆಯ ಮುಂದೆ ಹೆಲ್ಮೆಟ್ ತೆಗೆದವಳೇ, "ಲಾರಿಗೆ ಅಂಜಲಿಲ್ಲರಿ, ನಿಮ್ಮ ಹಾರ್ನಿಗೆ ಬೆಚ್ಚಿ ಎರಡು ಸಲ ಬೀಳಾಕ ಬಂದಿದ್ದೆ. ನಾ ಸುಖರೂಪ ಮನಿಗೆ ಬರಬೇಕಂದ್ರ ನೀವು ಬೆನ್ನ ಬಿಡ್ರಿ" ಎಂದಳು.

ಬಿಟ್ಟಿದ್ದೇನೆ. ಈಗ ಆಫೀಸಿನಲ್ಲಿ ಕೂತು, ಅವಳು ದಾರಿಯಲ್ಲಿರುವಾಗ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತೇನೆ. ಎತ್ತುವುದಿಲ್ಲ. ಗಾಡಿಯ ಮೇಲಿದ್ದಾಗ ಫೋನ್ ಮುಟ್ಟುವುದಿಲ್ಲ ಎಂದು ಅವಳಿಂದ ಆಣೆ ಮಾಡಿಸಿಕೊಂಡವನೂ ನಾನೇ.