ಕ್ಲಚ್ ಪ್ಲೇಟಿನ ಕುಂಕುಮ

ಯಾವ ವಸ್ತುವನ್ನೇ ಆಗಲಿ, ಬಿಚ್ಚುವಾಗ ನಾನು ಬಹಳ ಬುದ್ಧಿವಂತ. ತಿರುಗಿ ಜೋಡಿಸುವ ಹೊತ್ತಿಗೆ ಆ ಬುದ್ಧಿ ಎಲ್ಲಿ ಹೋಗುತ್ತದೋ ನನಗೂ ಗೊತ್ತಿಲ್ಲ. ಹಿಂದೊಮ್ಮೆ ಮನೆಯ ಮಿಕ್ಸರ್ ಬಿಚ್ಚಿ ಜೋಡಿಸಿದ್ದೆ. ಅಂದಿನಿಂದ ನನ್ನ ಹೆಂಡತಿ ಗೌರವ್ವ ಶೇಂಗಾ ಚಟ್ನಿಯನ್ನು ಒರಳಿನಲ್ಲೇ ಕುಟ್ಟುತ್ತಾಳೆ. ಕೈಯಲ್ಲಿ ಕುಟ್ಟಿದ ಚಟ್ನಿಯ ರುಚಿಯೇ ಬೇರೆ ಎಂದು ನಾನು ಊಟಕ್ಕೆ ಕೂತಾಗಲೆಲ್ಲ ಹೊಗಳುತ್ತೇನೆ. ಆಗ ಅವಳು ನನ್ನನ್ನು ನೋಡುವ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ. ಇಂಥ ನಾನು ಈ ವರ್ಷ ಲಾರಿಯ ಇಂಜಿನ್ನಿಗೇ ಕೈ ಹಾಕಿದೆ.

ಚಿಮ್ಮಡದ ನಮ್ಮ ಮನೆಯಲ್ಲಿ ಕಬ್ಬು ಸಾಗಿಸುವ ಹಳೆಯ ಲಾರಿಯೊಂದಿದೆ. ಅದರ ಇಂಜಿನ್ ಹೊಗೆ ಉಗುಳತೊಡಗಿತು, ಕ್ಲಚ್ ಜಾರತೊಡಗಿತು. ಜಮಖಂಡಿಯ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ನನ್ನ ಭಾವಮೈದುನ ಬಸು, ಗಾಡಿಯನ್ನು ಅಲ್ಲಿಗೇ ತರಲು ಹೇಳಿದ. “ಗ್ಯಾರೇಜ್ ಯಾಕಲೇ? ನೀ ಅದೀ, ನಾ ಅದೀನಿ, ಅಂಗಳಾ ಐತಿ” ಎಂದೆ. ಮೂರು ಕಬ್ಬಿಣದ ಕಂಬ ನಿಲ್ಲಿಸಿ, ಚೈನ್ ಕಪ್ಪಿ ಕಟ್ಟಿ, ಮೊದಲು ಗೇರ್‌ಬಾಕ್ಸ್, ಆಮೇಲೆ ಇಂಜಿನ್ ಇಳಿಸಿದೆವು. ಧೂಳು ಬೀಳಬಾರದೆಂದು ಹೊದಿಸಲು ಹೋದಾಗ ನನ್ನ ಕೈಗೆ ಸಿಕ್ಕಿದ್ದು ಗೌರವ್ವ ಮೊನ್ನೆಯಷ್ಟೇ ಹೊಲಿದು ಮುಗಿಸಿದ ಹೊಸ ಕೌದಿ. ಆ ಸಂಜೆ ಕಲ್ಲಿನ ಮೇಲೆ ಕೌದಿ ಹಾಕಿ ಎಣ್ಣೆಯ ಕಲೆ ತಿಕ್ಕಿದವನು ನಾನೇ.

ಚಿಂತೆಯೆಂದರೆ ಮಗಳು ಸುಮಾಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಸಾವಳಗಿಯಿಂದ ಬೀಗರು ಬರುವವರು. ಹಂದರ ಹಾಕಬೇಕಾದದ್ದು ಲಾರಿ ನಿಂತ ಜಾಗದಲ್ಲೇ. “ಬೀಗರು ಬರೂದರಾಗ ಅಂಗಳಾ ಖಾಲಿ ಇರಬೇಕ್ರಿ. ಅವರ ಮುಂದ ನನ್ನ ಮಗಳ ಮಾರಿ ಸಣ್ಣದ ಮಾಡಬ್ಯಾಡ್ರಿ” ಎಂದಳು ಗೌರವ್ವ. ನನಗೂ ಅದೇ ಹೆದರಿಕೆ. ನಮ್ಮ ಬೀಗರು ಸ್ವತಃ ನಾಲ್ಕಾರು ಗಾಡಿ ಓಡಿಸಿದವರು. ಅವರ ಮುಂದೆ ಫೋನಿನಲ್ಲಿ, ನಮ್ಮ ಗಾಡಿ ರಿಪೇರಿ ನಾವೇ ಮಾಡಿಕೊಳ್ಳುತ್ತೇವೆಂದು ಕೊಚ್ಚಿಕೊಂಡವನು ನಾನೇ.

ರಿಪೇರಿಯಾದ ಇಂಜಿನ್ ಮತ್ತೆ ಲಾರಿಯ ಮೇಲೇರಿ ಕೂತಿತು. ಗೇರ್‌ಬಾಕ್ಸ್ ಕೂಡಿಸುವ ಮೊದಲು ಇಂಜಿನ್ನಿಗೆ ಹೊಸ ಕ್ಲಚ್ ಪ್ಲೇಟ್ ಹಾಕಬೇಕು. ಹೊಸ ಕಬ್ಬಿಣವನ್ನು ಪೂಜೆ ಮಾಡದೆ ಗಾಡಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಗೌರವ್ವ ಬಂದು ಪ್ಲೇಟಿನ ನಡುವೆ ಧಾರಾಳವಾಗಿ ವಿಭೂತಿ ಬಳಿದು, ಮೇಲೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಹೋದಳು. ಬಸು ಅರಿವೆ ಹಿಡಿದು ಬಂದ.

“ಮಾವಾರ, ಯಾ ಕಡೆ ಹಾಕಬೇಕಂತ ಇದರ ಮ್ಯಾಲ ಬರದಿರ್ತಾರ್ರಿ. ಒರಸಿ ನೋಡ್ತೀನಿ.”

“ಇವತ್ತ ಶುಕ್ರವಾರ. ಮನ್ಯಾಗ ಬಸುರಿ ಮಗಳು. ಕುಂಕುಮಾ ಒರಸ್ತೀಯೇನಲೇ?”

“ಮತ್ತ ಹೆಂಗ ಹಾಕೂಣ್ರಿ?”

“ದೇವರ ಮುಖಾ ಯಾವಾಗಲೂ ಮುಂದ ಇರ್ತೈತಿ. ಕುಂಕುಮಾ ಮುಂದ, ಇಂಜಿನ್ ಕಡೆ ಮಾಡಿ ಹಾಕು.”

ಬಸು ಪ್ಲೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅಕ್ಕನ ಗಂಡನ ಜೊತೆ ವಾದ ಬೇಡವೆಂದು ಹಾಗೇ ಹಾಕಿ, ಹಿಂದೆ ಗೇರ್‌ಬಾಕ್ಸ್ ಕೂಡಿಸಿದ.

ಕುಬಸದ ಮುಂಜಾನೆ ಲಾರಿ ಹತ್ತಿ ಚಾವಿ ತಿರುವಿದೆ. ಇಂಜಿನ್ ಗುಡುಗಿತು! ಅಷ್ಟರಲ್ಲಿ ಬೀಗರ ಗಾಡಿಯೂ ಬಾಗಿಲಿಗೆ ಬಂತು. ಸರಿಯಾದ ಸಮಯಕ್ಕೆ ಬಂದರು, ನೋಡಲಿ ಎಂದು ಮೀಸೆ ತೀಡಿಕೊಂಡು ಕ್ಲಚ್ ತುಳಿದು ಗೇರ್ ಹಾಕಿದೆ. ಕರ್ರ್ ಎಂದಿತು. ಇನ್ನೊಮ್ಮೆ ಹಾಕಿದೆ. ಇನ್ನೂ ಜೋರಾಗಿ ಕರ್ರ್ ಎಂದಿತು. ಗೇರ್ ಬೀಳಲೇ ಇಲ್ಲ. ಬೀಗರು ಕಿಟಕಿಯ ಹತ್ತಿರ ಬಂದು ಕತ್ತೆತ್ತಿ ಕೇಳಿದರು, “ಇಂಜಿನ್ ಛಲೋ ಹಾಡಾಕತ್ತೈತಿ ಬೀಗರ. ಬರೇ ಕುಂತ ಕೇಳೂದೋ, ಮುಂದೂ ಹೋಗೂದೈತೋ?”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಡೆಗೆ ಇಸ್ತ್ರಿ ಮಾಡಿದ ಧೋತರದ ಕಚ್ಚೆ ಬಿಗಿದುಕೊಂಡು ಬೀಗರೇ ಮುಂದಾದರು. ಅವರ ಕಡೆಯ ಗಂಡಸರೆಲ್ಲ ಬೆನ್ನು ಕೊಟ್ಟು ಹೈಸಾ ಹೈಸಾ ಎನ್ನುತ್ತ ಲಾರಿಯನ್ನು ರಸ್ತೆಯ ಬದಿಗೆ ತಳ್ಳಿದರು. ಒಳಗೆ ಕೂತು ಸ್ಟೇರಿಂಗ್ ತಿರುವುವುದಷ್ಟೇ ನನ್ನ ಪಾಲಿಗೆ ಉಳಿದ ಮರ್ಯಾದೆ. ತಂಬಿಗೆ ಹಿಡಿದು ನಿಂತ ಗೌರವ್ವ, “ಕಾಲಿಗೆ ನೀರ ಕೊಡೂಕಿಂತ ಮೊದಲ ಬೀಗರ ಕೈಯಾಗ ಲಾರಿ ಕೊಟ್ರಲ್ರೀ!” ಎಂದಳು. ಹೊಸ್ತಿಲಲ್ಲಿದ್ದ ಸುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀಗರ ಜೊತೆ ಬಂದಿದ್ದ ಅವಳ ಅತ್ತೆಯೂ ಅವಳ ಭುಜ ಹಿಡಿದು ನಕ್ಕರು. ಮಗಳ ಮುಖ ಸಣ್ಣದಾಗಲಿಲ್ಲ ಎಂದು ನನ್ನ ಜೀವ ತಣ್ಣಗಾಯಿತು. ನನ್ನ ಮುಖದ ಸುದ್ದಿ ಯಾರೂ ಕೇಳಲಿಲ್ಲ.

ಕಾರ್ಯ ಮುಗಿದ ಮರುದಿನ ಮತ್ತೆ ಗೇರ್‌ಬಾಕ್ಸ್ ಇಳಿಸಿದೆವು. ಬಸು ಪ್ಲೇಟ್ ತೆಗೆದು, ನನ್ನ ಅಪ್ಪಣೆಗೆ ಕಾಯದೆ ವಿಭೂತಿ ಒರೆಸಿದ. ಈ ಮಗ್ಗುಲು ಗೇರ್‌ಬಾಕ್ಸಿನ ಕಡೆಗಿರಬೇಕು ಎಂದು ಅಚ್ಚೊತ್ತಿದ ಅಕ್ಷರಗಳು ಸ್ಪಷ್ಟವಾಗಿ ಕಂಡವು. ಅಂದರೆ ಕುಂಕುಮ ಹಿಂದಕ್ಕಿರಬೇಕಿತ್ತು.

ಅಷ್ಟರಲ್ಲಿ ಗೌರವ್ವ ಆರತಿ ತಟ್ಟೆಯೊಂದಿಗೆ ಬಂದಳು. ನಾನು ಗಾಬರಿಯಿಂದ ಪ್ಲೇಟಿಗೆ ಅಡ್ಡ ನಿಂತೆ. “ಈ ಸಲ ಅದಕ್ಕ ಬ್ಯಾಡ.”

“ಅದಕ್ಕಲ್ರಿ” ಎನ್ನುತ್ತ ನನ್ನ ಹಣೆಗೇ ದೊಡ್ಡ ಕುಂಕುಮ ಹಚ್ಚಿ, ಭುಜ ಹಿಡಿದು ನನ್ನನ್ನು ಮನೆಯ ಬಾಗಿಲ ಕಡೆಗೆ ತಿರುಗಿಸಿದಳು. “ದೇವರ ಮುಖಾ ಮುಂದ ಇರಬೇಕಂತ ಬಸೂಗ ಹೇಳಿದ್ರಂತಲ್ಲ? ಹಿಂಗ ಸೀದಾ ಒಳಗ ನಡೀರಿ. ಬಸು ಗಾಡಿ ಜೋಡಸ್ತಾನ.”