ಹಿತ್ತಲಲ್ಲಿ ಮೂರು ಸಿಂಹಾಸನ

ದರ್ಜಿಯ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಜಗಳಕ್ಕೆ ಕಾರಣ ಅತ್ತೆಯಲ್ಲ, ನಾದಿನಿಯಲ್ಲ, ಕಕ್ಕಸು. ಇಡೀ ಬೀದಿಗೆ ಮೂಲೆಯಲ್ಲಿ ಇದ್ದದ್ದು ಅದೊಂದೇ. ಬೆಳಗಾದರೆ ಬಕೆಟ್ ಹಿಡಿದು ಸಾಲು. ಮದುವೆಯಾದಾಗಿನಿಂದ ದರ್ಜಿ, "ನಮ್ಮದೇ ಒಂದು ಕಟ್ಟಿಸಿಬಿಡ್ತೀನಿ ಕಣೇ" ಎನ್ನುತ್ತಲೇ ಇದ್ದ. ಗಿರಾಕಿಗಳಿಗೆ "ನಾಳೆ ಬನ್ನಿ" ಅಂದು ಅಂದು ಪಳಗಿದ ನಾಲಿಗೆ ಅದು.

ಬೆಳಿಗ್ಗೆ ಅವಳ ಫೋನ್ ಬಂತು. "ಸಂಜೆ ಬಸ್ಸಿಗೆ ಬರ್ತಿದೀನಿ. ಹಿತ್ತಲಲ್ಲಿ ಕಕ್ಕಸಿನ ಕೆಲಸ ಶುರುವಾಗಿರ್ಬೇಕು. ಇಲ್ಲಾಂದ್ರೆ ಅದೇ ಬಸ್ಸು ಹತ್ತಿ ವಾಪಸ್. ಆಮೇಲೆ ನೀವು ನಿಮ್ಮ ಹೊಲಿಗೆ ಮೆಷಿನ್ ಜೊತೆ ಸಂಸಾರ ಮಾಡ್ಕೊಳ್ಳಿ."

ದರ್ಜಿ ಅಂಗಡಿ ಮುಚ್ಚಿದ. ಟೇಪಿನಿಂದ ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ನೆಲದ ಮೇಲೆ ಗೆರೆ ಎಳೆದು ಗುದ್ದಲಿ ಹಿಡಿದ. ಕತ್ತರಿಗಿಂತ ಭಾರದ್ದನ್ನು ಎತ್ತಿ ಗೊತ್ತಿಲ್ಲದ ಕೈಯಲ್ಲಿ ಬೊಬ್ಬೆ ಎದ್ದವು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಮಣ್ಣು ಸರಿಸಿದರೆ ನುಣುಪಾದ ಕಲ್ಲಿನ ಹಾಸು. ನಟ್ಟನಡುವೆ ದುಂಡನೆಯ ತೂತು.

ಒಡೆಯಲು ಹಾರೆ ಎತ್ತಿದ್ದೇ ತಡ, ಬೇಲಿಯಾಚೆಯಿಂದ ಯಾರೋ ಕಿಟಾರನೆ ಕಿರುಚಿದರು. ಪಕ್ಕದ ಮನೆಯ ಹಿಸ್ಟರಿ ಮೇಷ್ಟ್ರು. ಅವರು ನಿವೃತ್ತರಾಗಿದ್ದರೂ ಅವರ ಪಾಠ ಇನ್ನೂ ನಿವೃತ್ತವಾಗಿರಲಿಲ್ಲ. ಅರ್ಧ ಕ್ಷೌರದ ಮುಖದಲ್ಲೇ ಬೇಲಿ ದಾಟಿ ಓಡಿಬಂದರು.

"ನಿಲ್ಸೋ ಪಾಪಿ! ಏನಿದು ಗೊತ್ತಾ? ಸಿಂಹಾಸನದ ಪೀಠ! ಆ ತೂತಿದೆಯಲ್ಲ, ಅದು ರಾಜರ ಬಿಳಿ ಕೊಡೆ ನೆಡೋಕೆ!"

"ಯಾವ ರಾಜರು, ಮೇಷ್ಟ್ರೇ?"

"ಕುದುರೆ ಮೇಲೆ ಬಂದೋರು. ನಾಡಿಗೆಲ್ಲ ರಸ್ತೆ ಹಾಕಿ, ಕಾನೂನು ತಂದೋರು. ಅಯ್ಯೋ, ನನ್ನ ಜನ್ಮ ಸಾರ್ಥಕ ಆಯ್ತು!" ಎಂದವರೇ ಮೊಣಕಾಲೂರಿ, ಕಲ್ಲಿಗೆ ಹಣೆ ಒತ್ತಿ ಅತ್ತುಬಿಟ್ಟರು.

ದರ್ಜಿಗೂ ಅಳು ಬಂತು, ಬೇರೆ ಕಾರಣಕ್ಕೆ. "ಸಂಜೆ ನನ್ನವಳು ಬರ್ತಾಳೆ ಮೇಷ್ಟ್ರೇ. ಗುಂಡಿ ಆಗ್ಲೇಬೇಕು."

"ಆಗ್ಲಿ ಕಣೋ! ಪೀಠ ಬಿಟ್ಟು ಪಕ್ಕದಲ್ಲಿ ತೋಡು. ಇವರಿಗಿಂತ ಮುಂಚೆ ಯಾರಿದ್ರು ಅಂತ ನೋಡೇ ಬಿಡೋಣ."

ಹೋದ ಜೀವ ಬಂದಂತಾಯಿತು. ಯಾವ ಸಾಮ್ರಾಜ್ಯವಾದರೇನು, ಗುಂಡಿ ಇಳಿದರೆ ಸಾಕು. ಸೊಂಟದುದ್ದಕ್ಕೆ ಮೊದಲು ಬೂದಿ ಸಿಕ್ಕಿತು, ಅದರಡಿ ನೀಲಿ ಬಿಲ್ಲೆಗಳ ಇನ್ನೊಂದು ಹಾಸು. ಅದಕ್ಕೂ ನಡುವೆ ತೂತು.

"ಹಡಗಿನಲ್ಲಿ ಬಂದೋರು!" ಮೇಷ್ಟ್ರು ಕುಣಿದಾಡಿದರು. "ತೂಕ, ಅಳತೆ, ವ್ಯಾಪಾರ ಕಲಿಸಿದ್ದು ಅವರೇ. ಕುದುರೆಯೋರು ಊರಿಗೇ ಬೆಂಕಿ ಹಚ್ಚಿ ಇವರನ್ನ ಓಡಿಸಿದ್ರು. ಬೂದಿ ನೋಡು!"

ಗಲಾಟೆ ಕೇಳಿ ಬೀದಿಯೇ ಹಿತ್ತಲಿಗೆ ಬಂತು. ಹಿಟ್ಟಿನ ಗಿರಣಿಯವನು ಮೈತುಂಬ ಹಿಟ್ಟು ಮೆತ್ತಿಕೊಂಡೇ ಎಲ್ಲರನ್ನೂ ತಳ್ಳಿ ಮುಂದೆ ಬಂದ. "ನಾವು ಹಡಗಿನೋರ ವಂಶ ಕಣ್ರಯ್ಯಾ. ನಮ್ಮ ಮೂಗು ನೋಡಿದ್ರೇ ಗೊತ್ತಾಗುತ್ತೆ!" ಎಂದು ಗುಂಡಿಗಿಳಿದು ನೀಲಿ ಹಾಸಿನ ಮೇಲೆ ಕೂತು, ಮೀಸೆ ತಿರುವಿ ಫೋಟೊ ತೆಗೆಸಿಕೊಂಡ. "ಪೂರ್ವಿಕರ ಪೀಠ! ಮೈಯೆಲ್ಲ ಜುಮ್ ಅಂತಿದೆ!" ಅವನನ್ನೆಬ್ಬಿಸಿ ತಾವೂ ಕೂರಲು ಜನ ಸಾಲುಗಟ್ಟಿದರು. ದರ್ಜಿ ನೀಲಿ ಹಾಸಿನ ಪಕ್ಕಕ್ಕೆ ಸರಿದು, ಅವರ ಕಾಲುಗಳ ಸಂದಿಯಲ್ಲೇ ಮಣ್ಣೆತ್ತಿದ.

ಎದೆಯುದ್ದಕ್ಕೆ ಮೂರನೆಯ ಹಾಸು ಸಿಕ್ಕಿತು, ಸುಟ್ಟ ಇಟ್ಟಿಗೆಯದು. ಮೇಷ್ಟ್ರು ಗುಂಡಿಯ ಅಂಚಿಗೆ ಬಾಗಿದರು. "ಇಟ್ಟಿಗೆಯೋರು... ಈ ನಾಡಲ್ಲಿ ಮೊದಲು ಅಕ್ಷರ ಬರೆದೋರು... ಮೂರು ಸಾವಿರ ವರ್ಷ ಕಣೋ!" ಎಂದು ಪುರಾತತ್ವ ಇಲಾಖೆಗೆ ಫೋನ್ ಮಾಡಿದರು.

ಇಲಾಖೆಯ ಮೇಡಂ ಬಂದಾಗ ಹೊತ್ತು ಇಳಿದಿತ್ತು. ಗುಂಡಿಗಿಳಿದು, ಮೂರೂ ತೂತುಗಳಿಗೆ ಟಾರ್ಚ್ ಬಿಟ್ಟು ನೋಡಿ, ಮೇಲೆ ಹತ್ತಿ ಬಂದು ದಂಗಾಗಿ ನಿಂತುಬಿಟ್ಟರು.

"ಇಂಥದ್ದನ್ನ ನಾನೆಲ್ಲೂ ನೋಡಿಲ್ಲ!"

"ಸಿಂಹಾಸನ ಅಲ್ವಾ ಮೇಡಂ?" ಮೇಷ್ಟ್ರು ಎದೆ ಸೆಟೆಸಿದರು.

"ಯಾರ್ರೀ ಹೇಳಿದ್ದು? ಮೂರೂ ಕಕ್ಕಸು."

ಮೇಷ್ಟ್ರು ಹಣೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಆ ಫೋಟೊ ಅಳಿಸ್ರಪ್ಪಾ, ದಮ್ಮಯ್ಯ" ಎಂದು ಗಿರಣಿಯವನು ಗೋಗರೆದ. ಅದು ಆಗಲೇ ಅವನ ಬೀಗರ ಮನೆ ಮುಟ್ಟಿತ್ತು.

ಮೇಡಂಗೆ ಇದ್ಯಾವುದರ ಪರಿವೆಯೂ ಇಲ್ಲ. "ಹಡಗಿನೋರು ಬಂದು ಇಟ್ಟಿಗೆಯೋರ ಭಾಷೆ ಅಳಿಸಿದ್ರು, ದೇವರನ್ನೂ ಬದಲಾಯಿಸಿದ್ರು. ಕುದುರೆಯೋರು ಬಂದು ಹಡಗಿನೋರ ಅರಮನೆ ಸುಟ್ರು. ಆದ್ರೆ ಕಕ್ಕಸಿನ ಜಾಗ ಮಾತ್ರ ಯಾರೂ ಬದಲಾಯಿಸಿಲ್ಲ! ಇಲ್ಲಿಗೆ ಬಂದೋರೆಲ್ಲ ಇದನ್ನ ಕಟ್ಟಿಸಿದಾರೆ. ಇವತ್ತಿಂದ ಇದು ಸಂರಕ್ಷಿತ ಸ್ಥಳ. ಇಲ್ಲಿ ಇನ್ನೇನೂ ಕಟ್ಟೋ ಹಾಗಿಲ್ಲ."

ಗುಂಡಿಯೊಳಗಿದ್ದ ದರ್ಜಿ ತಲೆಯೆತ್ತಿದ. ಜನರ ನಡುವೆ ಬ್ಯಾಗು ಹಿಡಿದು ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೋಡೇ, ಗುಂಡಿ ತೋಡಿದೀನಿ" ಎಂದ.

ಅವಳು ಮೂರೂ ಹಾಸುಗಳನ್ನು ಒಂದೊಂದಾಗಿ ನೋಡಿದಳು. "ಕುದುರೆ ಮೇಲೆ ಬಂದೋನೂ ಹೆಂಡ್ತಿಗೆ ಕಟ್ಟಿಸಿಕೊಟ್ಟ. ಹಡಗು ಹತ್ತಿ ಬಂದೋನೂ ಕಟ್ಟಿಸಿಕೊಟ್ಟ. ಮೂರು ಸಾವಿರ ವರ್ಷದಲ್ಲಿ ಈ ಜಾಗದಲ್ಲಿದ್ದೂ ಕಟ್ಟಿಸದೇ ಇರೋ ಗಂಡಸು ನೀವೊಬ್ರೇ, ಅಲ್ವೇನ್ರೀ?"

ಅಂದವಳೇ ತಿರುಗಿ ಬಸ್ಸಿನ ಕಡೆ ಹೊರಟಳು.

"ಏ, ನಿಲ್ಲೇ!" ದರ್ಜಿ ಮೇಲೆ ಹತ್ತಲು ನೀಲಿ ಹಾಸಿನ ಮೇಲೆ ಕಾಲಿಟ್ಟ.

"ಅಲ್ಲಿ ಕಾಲಿಡ್ಬೇಡಿ!" ಮೇಡಂ ಚೀರಿದರು. "ಅದು ಹಡಗಿನೋರದ್ದು!"

ಅವನು ಕಾಲು ತೆಗೆದು, ಮೇಲಿನ ಕಲ್ಲು ಹಿಡಿದ.

"ಮುಟ್ಬೇಡಿ! ಅದು ಕುದುರೆಯೋರದ್ದು! ಇಲಾಖೆಯಿಂದ ಅನುಮತಿ ಬರೋವರೆಗೂ ಅಲ್ಲೇ ನಿಂತಿರಿ!"

ಆಚೆ ಬೀದಿಯ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು.